ಏಣಿಯಕ್ಕನ ಹಗ್ಗ

ಮಗಳು ಮಲಗಿರುವಾಗ ಅವಳ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ಬರುತ್ತಿದೆಯೇ ಎಂದು ನೋಡುವವರ ಪೈಕಿ ನಾನು. ಬೆರಳು ತಾಗಿ ಅವಳು ಎಚ್ಚರಗೊಂಡು ರಚ್ಚೆ ಹಿಡಿದರೆ ನನಗೆ ಒಳಗೊಳಗೇ ಸಮಾಧಾನ. ಅಳುತ್ತಿದ್ದಾಳೆ ಅಂದರೆ ಉಸಿರಿದೆ. ನನ್ನ ಗಂಡ ಇದಕ್ಕೆ ‘ಎಬ್ಬಿಸಿ ಬದುಕಿಸುವ ವಿದ್ಯೆ’ ಎಂದು ಹೆಸರಿಟ್ಟಿದ್ದಾರೆ. ಇಂಥ ಚಿಂತೆಗಳು ನನಗೆ ಸಿಟಿ ಬಸ್ಸಿದ್ದ ಹಾಗೆ. ಒಂದು ಹೋದರೆ ಅದರ ಹಿಂದೆಯೇ ಇನ್ನೊಂದು ಬರುತ್ತದೆ, ಹತ್ತುತ್ತೇನೆ, ಇಳಿಯುತ್ತೇನೆ. ಆದರೆ ಕಳೆದ ತಿಂಗಳು ಹತ್ತಿದ ಒಂದು ಚಿಂತೆ ಒಂಬತ್ತು ದಿನ ನನ್ನನ್ನು ಇಳಿಯಲು ಬಿಡಲಿಲ್ಲ. ನಾನು ಬರೆದ ಮೂರು ಸಾಲಿನಿಂದ ಒಬ್ಬ ಹೆಂಗಸಿನ ಕೆಲಸ ಕೈತಪ್ಪಿತ್ತು. ಆ ಹೆಂಗಸು ನನ್ನ ಮಗಳ ಜೀವ ಉಳಿಸಿದವರು ಎಂದು ಆಮೇಲೆ ತಿಳಿಯಿತು. ಅವರಿಗೊಂದು ಫೋನ್ ಮಾಡಬೇಕಿತ್ತು, ಅಷ್ಟೇ. ಸಾಸಿವೆಯಷ್ಟು ವಿಷಯಕ್ಕೆಲ್ಲ ಅವರಿಗೆ ಇಪ್ಪತ್ತು ಸಲ ಫೋನ್ ಮಾಡಿದ್ದವಳಿಗೆ ಈ ಒಂದು ಫೋನಿಗೆ ಬೆರಳು ಏಳಲಿಲ್ಲ.

ಅವರನ್ನು ಏಣಿಯಕ್ಕ ಎಂದು ಮೊದಲು ಕರೆದವರು ನಮ್ಮ ಕಟ್ಟಡದ ಮಕ್ಕಳು. ಎಂಟು ಮೆಟ್ಟಿಲಿನ ಮರದ ಏಣಿಯನ್ನು ಹೆಗಲ ಮೇಲೆ ಹೊತ್ತು, ತುರುಬಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಲಿಫ್ಟಿಗೆ ಏಣಿ ಹಿಡಿಸದೆ ನಾಲ್ಕು ಮಹಡಿಯನ್ನೂ ನಡೆದೇ ಹತ್ತುವ ಹೆಂಗಸನ್ನು ಮಕ್ಕಳು ಬೇರೆ ಏನೆಂದು ಕರೆದಾರು? ವಯಸ್ಸು ಅರವತ್ತರ ಹತ್ತಿರ. ಕೆಲಸ, ಕಿಟಕಿಗೆ ಮರದ ಬ್ಲೈಂಡ್ಸ್ ಮಾಡಿ ಹಾಕುವುದು. ಅಂಗಡಿಯವರು ಬ್ಲೈಂಡ್ಸ್ ಅನ್ನುತ್ತಾರೆ, ಅವರು ಮಾತ್ರ ಪಟ್ಟಿಪರದೆ ಅನ್ನುತ್ತಾರೆ.

ನಮಗೆ ಪಟ್ಟಿಪರದೆ ಬೇಕಾದದ್ದು ಮಗಳಿಗಾಗಿ. ಮುಂದಿನ ಕೋಣೆಯ ಕಿಟಕಿ ಪಶ್ಚಿಮಕ್ಕಿದೆ. ಮಧ್ಯಾಹ್ನ ಮೂರಕ್ಕೆ ಬಿಸಿಲು ನೇರ ಅವಳ ಹಾಸಿಗೆಗೆ ಬಂದು ಕೂರುತ್ತಿತ್ತು. ಕುತ್ತಿಗೆಯ ಮಡಿಕೆಗಳಲ್ಲಿ ಬೆವರುಸಾಲೆ, ನಿದ್ದೆಯಿಲ್ಲ, ಅವಳಿಗಿಲ್ಲದ್ದು ನನಗೂ ಇಲ್ಲ. ಬಟ್ಟೆಯ ಪರದೆ ಎಳೆದರೆ ಗಾಳಿ ನಿಂತು ಕೋಣೆ ಒಲೆಯಾಗುತ್ತಿತ್ತು. ಎರಡು ವಾರ ಬಿಡುವಿದ್ದಾಗಲೆಲ್ಲ ಫೋನಿನಲ್ಲಿ ಓದಿ ಓದಿ ಮರದ ಬ್ಲೈಂಡ್ಸೇ ಸರಿ ಎಂದು ತೀರ್ಮಾನಿಸಿ ಒಂದು ದೊಡ್ಡ ಅಂಗಡಿಗೆ ಹೋದೆ. ಅಲ್ಲಿನವನು ಪ್ಲಾಸ್ಟಿಕ್ ಪಟ್ಟಿಯನ್ನು ಉಗುರಿನಿಂದ ಕುಟ್ಟಿ ತೋರಿಸಿ, ಇದು ಮರಕ್ಕಿಂತ ಹೆಚ್ಚು ಮರ ಎಂದ. ಆ ಮಾತು ಅರ್ಥವಾಗದೆ ಮನೆಗೆ ಬಂದೆ. ಆಮೇಲೆ ಎರಡನೇ ಮಹಡಿಯ ಒಬ್ಬರು ಏಣಿಯಕ್ಕನ ನಂಬರು ಕೊಟ್ಟರು.

ಬಂದ ದಿನ ಅವರು ಕಿಟಕಿಯನ್ನು ಮೇಲೆ, ನಡುವೆ, ಕೆಳಗೆ ಎಂದು ಮೂರು ಕಡೆ ಅಳೆದರು. ಮೂರೂ ಬೇರೆ ಬೇರೆ ಬಂತು. ಕಟ್ಟಡ ವಾಲುತ್ತಿದೆಯೇ ಎಂದು ಕೇಳಿಯೇಬಿಟ್ಟೆ. ಗೋಡೆ ಕಟ್ಟಿದವನೂ ಮನುಷ್ಯನೇ ತಾನೇ, ಎಲ್ಲ ಕಿಟಕಿಯೂ ಹೀಗೇ ಇರುತ್ತದೆ ಎಂದು ನಕ್ಕು, ಮೂರರಲ್ಲಿ ಚಿಕ್ಕ ಅಳತೆಯನ್ನು ಅಂಗೈ ಮೇಲೆ ಬರೆದುಕೊಂಡರು.

ಮರ ಯಾವುದೆಂಬ ಮಾತು ಬಂದಾಗ ನಮ್ಮತ್ತೆ ಒಳಗಿನಿಂದಲೇ ತೀರ್ಪು ಕೊಟ್ಟರು.

“ಮರ ಅಂದ್ರೆ ತೇಗ. ಮಿಕ್ಕಿದ್ದೆಲ್ಲ ಸೌದೆ.”

“ತೇಗ ಬಾಗಿಲಿಗಿರ್ಲಿ ಅಮ್ಮಾ,” ಅಂದರು ಏಣಿಯಕ್ಕ. “ಬಾಗಿಲನ್ನ ಯಾರೂ ದಿನಾ ಮೇಲಕ್ಕೆತ್ತಲ್ಲ.”

ಅತ್ತೆ ಆ ಮಾತನ್ನು ಲೆಕ್ಕದಲ್ಲಿಟ್ಟುಕೊಂಡರು. ಏಣಿಯಕ್ಕ ಚೀಲದಿಂದ ತಿಳಿ ಬಣ್ಣದ ಒಂದು ಪಟ್ಟಿ ತೆಗೆದು ನನ್ನ ಕೈಯಲ್ಲಿಟ್ಟರು. ಹಪ್ಪಳದ ಹಾಗೆ ಹಗುರ. ಇಷ್ಟು ಹಗುರವಾದದ್ದು ಬಾಳುತ್ತದೆಯೇ ಎಂದೆ. ನೀರು ತಾಗಿಸದಿದ್ದರೆ ನಿನ್ನ ಮಗಳ ಮದುವೆವರೆಗೂ ಬಾಳುತ್ತದೆ ಅಂದರು. ಬಣ್ಣ ಬಳಿಯಬೇಕೆ ಎಂದರೆ, ಬಣ್ಣ ಬಿರುಕು ಬಿಟ್ಟರೆ ಮಗು ಕೆರೆದು ಬಾಯಿಗಿಟ್ಟುಕೊಳ್ಳುತ್ತದೆ, ಬರೀ ಅಗಸೆ ಎಣ್ಣೆ ಸಾಕು ಅಂದರು. ಪಟ್ಟಿ ಅಗಲ ಇರಬೇಕೋ ಸಣ್ಣದಿರಬೇಕೋ ಎಂದರೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅಗಲದ್ದೇ ಹಾಕೋಣ, ಒರೆಸುವುದಕ್ಕೆ ಕಡಿಮೆ ಇರುತ್ತದೆ, ನೀನು ಆಗಲೇ ಸೋತಿದ್ದೀಯಾ ಅಂದರು. ಹೆತ್ತ ಮೇಲೆ ನನ್ನನ್ನು ನೋಡಿ ಹಾಗೆ ಹೇಳಿದವರು ಅವರೇ ಮೊದಲು. ಎಲ್ಲರೂ ಮಗು ಸೊರಗಿದೆ ಅನ್ನುತ್ತಿದ್ದರು.

ಒಂದೇ ದೊಡ್ಡ ಪರದೆ ಬೇಡ, ಪಕ್ಕಪಕ್ಕದಲ್ಲಿ ಎರಡು ಸಣ್ಣವು ಇರಲಿ ಎಂದೂ ಅವರೇ ಹೇಳಿದರು. ಅಡುಗೆಮನೆಗೂ ಮಾಡಿಕೊಡಿ ಎಂದು ಕೇಳಿದೆ. ಅಲ್ಲಿ ಹಬೆಗೆ ಮರ ಸೊಟ್ಟಗಾಗುತ್ತದೆ, ಅಲ್ಲಿಗೆ ಆ ಅಂಗಡಿಯವನ ಪ್ಲಾಸ್ಟಿಕ್ಕೇ ಲೇಸು, ಹೋಗಿ ತಗೋ ಅಂದರು. ತನ್ನ ಕೈಗೆ ಬಂದ ಕೆಲಸವನ್ನು ಬೇರೆಯವನ ಅಂಗಡಿಗೆ ದಾಟಿಸುವ ಜನರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಒಂದು ವಾರಕ್ಕೆ ಪರದೆಗಳು ಬಂದವು. ಏಣಿಯಕ್ಕ ತೂತು ಕೊರೆದರು, ತಿರುಪು ಬಿಗಿದರು, ಏರಿಸಿ ಇಳಿಸಿ ನೋಡಿದರು. ಕೆಲಸ ಮುಗಿಯಿತು ಅಂದುಕೊಂಡು ನಾನು ಚಹಾ ತಂದರೆ ಅವರು ಏಣಿಯಿಂದ ಇಳಿದವರೇ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಅಂಬೆಗಾಲಿಟ್ಟು ಕೋಣೆಯೆಲ್ಲ ಸುತ್ತತೊಡಗಿದರು. ಮಗಳಿಗೆ ತನ್ನ ಜೊತೆಯವರು ಸಿಕ್ಕಿದಂತಾಯಿತು. ಕೇಕೆ ಹಾಕಿ ಅವರ ಹಿಂದೆಯೇ ಹೊರಟಳು. ಅತ್ತೆ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ಹುಬ್ಬೇರಿಸಿದರು. ಏನಾದರೂ ಬಿದ್ದುಹೋಯಿತೇ ಎಂದು ಕೇಳಿದೆ.

“ಏನೂ ಬಿದ್ದಿಲ್ಲ. ಮಗು ಕಣ್ಣಿಗೆ ಏನೇನು ಕಾಣುತ್ತೆ ಅಂತ ನೋಡ್ತಿದೀನಿ. ನೀನೂ ಬಾ.”

ಹೋದೆ. ಅಲ್ಲಿಂದ ನೋಡಿದರೆ ಅದು ನಮ್ಮ ಮನೆಯೇ ಅಲ್ಲ. ಮೇಜಿನ ಬಟ್ಟೆಯ ಅಂಚು ಹಿಡಿದೆಳೆ ಎಂದು ಕರೆಯುತ್ತಿತ್ತು. ಫೋನಿನ ಚಾರ್ಜರಿನ ವೈರು ಮೂಗಿನ ಮುಂದೆಯೇ ಉಯ್ಯಾಲೆಯಾಡುತ್ತಿತ್ತು. ಸೋಫಾದ ಅಡಿಯಲ್ಲಿ ನಾನು ಎರಡು ತಿಂಗಳಿಂದ ಹುಡುಕುತ್ತಿದ್ದ ಸೇಫ್ಟಿ ಪಿನ್ನು. ಜಗತ್ತಿನ ಅಪಾಯಗಳನ್ನೆಲ್ಲ ನಿದ್ದೆಗೆಟ್ಟು ಎಣಿಸುತ್ತಿದ್ದ ನಾನು ಅವೆಲ್ಲವನ್ನೂ ಎಣಿಸಿದ್ದು ನಿಂತುಕೊಂಡೇ, ಒಂದು ಸಲವೂ ಮಂಡಿಯೂರಿರಲಿಲ್ಲ.

ಆಮೇಲೆ ಏಣಿಯಕ್ಕ ಹಗ್ಗದ ವಿಷಯಕ್ಕೆ ಬಂದರು. ಪರದೆ ಏರಿಸಲು ಪ್ರತಿಯೊಂದಕ್ಕೂ ಎರಡೆರಡು ತೆಳುವಾದ ಹಗ್ಗ ಇಳಿಬಿದ್ದಿದ್ದವು. ಅಂಗಡಿಯ ಬ್ಲೈಂಡ್ಸಿನಲ್ಲಿ ನೋಡಿದಂತೆ ಅವುಗಳ ತುದಿಯನ್ನು ಸೇರಿಸಿ ಉಂಗುರದಂತೆ ಮಾಡಿರಲಿಲ್ಲ. ಬಿಡಿಬಿಡಿಯಾಗಿಯೇ ಇದ್ದವು. ಒಂದೊಂದು ಹಗ್ಗದ ನಡುವೆ ನೆಲ್ಲಿಕಾಯಿ ಗಾತ್ರದ ಮರದ ಮಣಿ. ಅಂದಕ್ಕೆ ಇರಬೇಕು ಅಂದುಕೊಂಡೆ. ಕಿಟಕಿಯ ಪಕ್ಕ, ಅವರ ತಲೆಗಿಂತ ಎತ್ತರದಲ್ಲಿ ಒಂದು ಕೊಕ್ಕೆ ಹೊಡೆದು, ಹಗ್ಗವನ್ನು ಅದಕ್ಕೆ ಎಂಟರ ಆಕಾರದಲ್ಲಿ ಸುತ್ತಿ ಮೇಲಕ್ಕೆತ್ತಿಟ್ಟರು.

“ಎರಡು ತುದಿ ಯಾವತ್ತೂ ಸೇರಿಸಬೇಡ. ಯಾವತ್ತೂ ಕೆಳಗೆ ಬಿಡಬೇಡ. ಒಂದು ವೇಳೆ ಹಗ್ಗ ಕಿತ್ತರೆ ಮೊದಲು ನನಗೆ ಫೋನ್ ಮಾಡು. ನೀನೇ ಗಂಟು ಹಾಕ್ಕೋಬೇಡ.”

ಗ್ಯಾರಂಟಿ ಕೊಡುವವರು ಆಡುವ ಮಾತು ಎಂದು ತಲೆಯಾಡಿಸಿದೆ.

ಅಂದು ಮಧ್ಯಾಹ್ನ ಅವರು ಪಟ್ಟಿಗಳನ್ನು ಒಂದಿಷ್ಟು ಮೇಲ್ಮುಖವಾಗಿ ವಾಲಿಸಿ ಹೋಗಿದ್ದರು. ಮೂರಕ್ಕೆ ಬಂದ ಬಿಸಿಲು ಹಾಸಿಗೆಗಿಳಿಯದೆ ಚಾವಣಿಗೆ ಹೋಗಿ ಗೆರೆಗೆರೆಯಾಗಿ ಮಲಗಿತು. ಕೆಳಗೆ ತಣ್ಣನೆ ಬೆಳಕು, ಪಟ್ಟಿಗಳ ಸಂದಿನಿಂದ ಗಾಳಿ. ಮಗಳು ಚಾವಣಿಯ ಗೆರೆಗಳನ್ನು ನೋಡುತ್ತ ನೋಡುತ್ತ ಎರಡು ಗಂಟೆ ನಿದ್ದೆ ಮಾಡಿದಳು. ಅವಳ ಪಕ್ಕದಲ್ಲಿ ನಾನೂ ಮಲಗಿದೆ. ಎದ್ದಾಗ ಇದು ಯಾವ ದಿನ ಎಂದು ತಿಳಿಯಲಿಲ್ಲ. ಅಷ್ಟು ನಿದ್ದೆ. ಆ ಎರಡು ಗಂಟೆಗೇ ನಾನು ಏಣಿಯಕ್ಕನಿಗೆ ಜನ್ಮಪೂರ್ತಿ ಋಣಿಯಾಗಿರಬೇಕಿತ್ತು.

ಆದರೆ ನಾನು ಮಾಡಿದ್ದು ಅವರ ತಲೆ ತಿನ್ನುವ ಕೆಲಸ. ಪಟ್ಟಿಯ ಮೇಲೆ ಧೂಳು ಕೂತಿದೆ ಎಂದು ಫೋನ್. ಕೂರದೆ ಎಲ್ಲಿಗೆ ಹೋಗುತ್ತದೆ, ಹಳೆಯ ಕಾಲುಚೀಲವನ್ನು ಕೈಗೆ ಹಾಕಿಕೊಂಡು ಒಂದೊಂದೇ ಪಟ್ಟಿ ಸವರು, ಒಂದು ಕಡೆ ಮುಚ್ಚಿ ಸವರು, ಇನ್ನೊಂದು ಕಡೆ ಮುಚ್ಚಿ ಸವರು. ಒದ್ದೆ ಬಟ್ಟೆ ಆಗಬಹುದೇ ಎಂದು ಫೋನ್. ಕೂಡದು. ಸ್ವಲ್ಪ ಒದ್ದೆ? ಸ್ವಲ್ಪವೂ ಕೂಡದು. ಒಂದು ಪಟ್ಟಿ ಬಾಗಿದಂತೆ ಕಾಣುತ್ತಿದೆ ಎಂದು ಫೋನ್. ಬೆಳಿಗ್ಗೆ ಹಾಗೇ ಇತ್ತೇ? ಇಲ್ಲ. ಹಾಗಿದ್ದರೆ ಅದು ಪಟ್ಟಿಯಲ್ಲ, ನೆರಳು. ಎಣ್ಣೆ ಎಷ್ಟು ದಿನಕ್ಕೊಮ್ಮೆ? ವರ್ಷಕ್ಕೆರಡು ಸಲ, ಬಟ್ಟೆ ಘಮ್ಮೆನ್ನುವಷ್ಟು, ಜಿಡ್ಡಾಗುವಷ್ಟಲ್ಲ. ನಿಜವಾಗಿ ನನಗೆ ಧೂಳಿನ ಚಿಂತೆಯೇನೂ ಇರಲಿಲ್ಲ. ಯಾವ ಪ್ರಶ್ನೆ ಕೇಳಿದರೂ ‘ಅದಕ್ಕೇನಂತೆ’ ಎಂದು ಶುರುಮಾಡುವ ಒಂದು ದನಿ ಬೇಕಿತ್ತು.

ಎಷ್ಟೋ ಸಲ ಆ ಫೋನನ್ನು ಇನ್ನೊಬ್ಬರು ಎತ್ತುತ್ತಿದ್ದರು. ಗೊಗ್ಗರು ದನಿ, ಮರಳಿನ ಮೇಲೆ ಏನನ್ನೋ ಎಳೆದಂತೆ. “ಅಕ್ಕ ಏಣಿ ಮೇಲಿದಾಳೆ. ಯಾರು, ಧೂಳಿನ ಮೇಡಮ್ಮಾ?” ನನಗೆ ಅಲ್ಲಿ ಇಟ್ಟಿರುವ ಹೆಸರು ಹೀಗೆ ತಿಳಿಯಿತು. ಅದು ನೆಗಡಿಯಾದ ತಮ್ಮನಿರಬೇಕು ಎಂದು ತಿಂಗಳುಗಟ್ಟಲೆ ಅಂದುಕೊಂಡಿದ್ದೆ. ಒಂದು ದಿನ, ತಮ್ಮನಿಗೆ ಶುಂಠಿ ಕಷಾಯ ಕೊಡಿ ಎಂದುಬಿಟ್ಟೆ. ಏಣಿಯಕ್ಕ ಬಹಳ ಹೊತ್ತು ನಕ್ಕರು. ತಮ್ಮನಲ್ಲ, ತಂಗಿ. ಆಮೇಲೆ ಪಟ್ಟಿಗೆ ಉಜ್ಜು ಕಾಗದ ತಿಕ್ಕುವ ಸದ್ದಿನ ನಡುವೆ, ಅಂದು ಒಂದಷ್ಟು, ಇನ್ನೊಂದು ದಿನ ಇನ್ನಷ್ಟು, ತಮ್ಮ ಕಥೆ ಹೇಳಿದರು.

ಅವರಪ್ಪನೂ ಇದೇ ಕೆಲಸದವರು. ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ಪಟ್ಟಿ ಸೀಳುತ್ತಿದ್ದರು. ಪಟ್ಟಿಗಳ ತೂತಿನಲ್ಲಿ ಹಗ್ಗ ಪೋಣಿಸಲು ಸಣ್ಣ ಬೆರಳು ಬೇಕು, ಹಾಗಾಗಿ ಹನ್ನೊಂದನೇ ವಯಸ್ಸಿಗೆ ಆ ಕೆಲಸ ಹಿರಿಮಗಳ ಪಾಲಿಗೆ ಬಂತು. ಶಾಲೆಯಿಂದ ಬಂದು ಪೋಣಿಸುತ್ತಿದ್ದಳು. ಒಂದು ಸಂಜೆ ಮುಗಿಸಿದ ಪರದೆಯನ್ನು ಪರೀಕ್ಷೆಗೆಂದು ಕಿಟಕಿಗೆ ತೂಗುಹಾಕಿ, ಹಗ್ಗದ ತುದಿಗಳು ಜಾರದಿರಲೆಂದು ಸೇರಿಸಿ ಗಂಟು ಹಾಕಿದಳು. ಗಟ್ಟಿ ಗಂಟು. ಅಪ್ಪನಿಗೆ ತೋರಿಸಿ ಭೇಷ್ ಅನ್ನಿಸಿಕೊಳ್ಳಬೇಕೆಂದು ಕರೆಯಲು ಓಡಿದಳು. ಅಪ್ಪನೊಂದಿಗೆ ಮರಳಿ ಬರುವಷ್ಟರಲ್ಲಿ ಎರಡು ವರ್ಷದ ತಂಗಿ ಪೆಟ್ಟಿಗೆಯ ಮೇಲೆ ಹತ್ತಿ, ಆ ಉಂಗುರದಲ್ಲಿ ತಲೆ ತೂರಿಸಿ, ಕಾಲು ಜಾರಿದ್ದಳು. ಅಪ್ಪ ಎತ್ತಿಕೊಂಡರು, ಜೀವ ಉಳಿಯಿತು. ದನಿ ಮಾತ್ರ ಹೋದದ್ದು ಮರಳಿ ಪೂರ್ತಿ ಬರಲಿಲ್ಲ.

“ನನ್ನ ಗಂಟು ಚೆನ್ನಾಗಿತ್ತು,” ಅಂದರು ಏಣಿಯಕ್ಕ. “ಅದೇ ಅದರ ತಪ್ಪು.” ಮರುಕ್ಷಣವೇ ಕಾಲುಚೀಲ ಉಣ್ಣೆಯದೋ ಹತ್ತಿಯದೋ ಎಂದು ನನ್ನನ್ನು ವಿಚಾರಿಸಿದರು.

ಅಪ್ಪನ ಕಣ್ಣು ಮಂಜಾದ ಮೇಲೆ ಏಣಿ ಅವರ ಹೆಗಲಿಗೆ ಬಂತು. ಮೊದಲ ಮನೆಯ ಯಜಮಾನ, ಹತ್ತೋದಕ್ಕೆ ಗಂಡಸರು ಯಾರೂ ಬರಲ್ವಾ ಎಂದು ಕೇಳಿದನಂತೆ. ಏಣಿಗೆ ಅದೆಲ್ಲ ಗೊತ್ತಾಗಲ್ಲ ಬಿಡಿ ಎಂದು ಇವರು ಹತ್ತಿಯೇಬಿಟ್ಟರಂತೆ. ಅಂದಿನಿಂದ ಅಕ್ಕ ಹೊರಗೆ ಹೋಗಿ ಹಾಕುವುದು, ತಂಗಿ ಕೊಟ್ಟಿಗೆಯಲ್ಲಿ ಪಟ್ಟಿ ನುಣುಪು ಮಾಡುವುದು, ಮಣಿ ಕಡೆಯುವುದು. ಇಬ್ಬರೇ.

ಇಷ್ಟೆಲ್ಲ ಕೇಳಿದ್ದವಳು ನಾನು. ಕೇಳಿದ್ದಕ್ಕೂ ಮಾಡಿದ್ದಕ್ಕೂ ನಡುವೆ ಇದ್ದದ್ದು ಒಂದು ಸ್ಟೂಲು.

ನಾನು ಐದಡಿಗೆ ಒಂದಿಂಚು ಕಡಿಮೆ. ದಿನಕ್ಕೆರಡು ಸಲ ಮಗಳನ್ನು ಸೊಂಟದಲ್ಲಿಟ್ಟುಕೊಂಡು ಸ್ಟೂಲು ಹತ್ತಿ ಕೊಕ್ಕೆಯಿಂದ ಹಗ್ಗ ಬಿಡಿಸಬೇಕಿತ್ತು. ಸ್ಟೂಲಿನಿಂದ ಬಿದ್ದರೆ ಎಂಬ ಹೊಸ ಚಿಂತೆ ಶುರುವಾಯಿತು. ಆ ಚಿಂತೆಗೆ ಪರಿಹಾರವಾಗಿ ಒಂದು ಬೆಳಿಗ್ಗೆ ಹಳೆಯ ಲಂಗದಿಂದ ಎಳೆದ ನೀಲಿ ಲಾಡಿಯೊಂದನ್ನು ತಂದು, ಸೋಫಾದ ಪಕ್ಕದ ಪರದೆಯ ಎರಡೂ ಹಗ್ಗದ ತುದಿಗೆ ಬಿಗಿದೆ. ಕೆಳಗೆ ನಿಂತೇ ಎಳೆಯಬಹುದಾದ ಒಂದು ಉದ್ದನೆಯ ಉಂಗುರವಾಯಿತು. ಮಗಳು ಮಲಗಿದಾಗ ಮಾತ್ರ ಕೆಳಗೆ ಬಿಡುತ್ತೇನೆ ಎಂದು ಮನಸ್ಸಿನಲ್ಲೇ ಏಣಿಯಕ್ಕನಿಗೆ ಹೇಳಿದೆ. ಮೂರು ದಿನ ಹಾಗೇ ನಡೆದುಕೊಂಡೆ. ನಾಲ್ಕನೇ ದಿನ ಮರೆತೆ. ಆಮೇಲೆ ಮರೆತದ್ದೇ ರೂಢಿಯಾಯಿತು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿದ್ದೆ. ಟಪ್ ಎಂದು ಸಣ್ಣ ಸದ್ದು, ಹಿಂದೆಯೇ ಪಟ್ಟಿಗಳು ಗಲಗಲ ಜಾರಿದ ಸದ್ದು, ಆಮೇಲೆ ಮಗಳ ಅಳು. ಓಡಿಬಂದರೆ ಪರದೆ ಒಂದು ಪಕ್ಕ ಜಾರಿ, ಹೆಗಲು ತಪ್ಪಿದವರ ಹಾಗೆ ಓರೆಯಾಗಿ ನೇತಾಡುತ್ತಿದೆ. ಮಗಳು ಸೋಫಾದ ಮೇಲೆ ಕುಕ್ಕರಿಸಿ ಅಳುತ್ತಿದ್ದಾಳೆ, ಮಡಿಲಲ್ಲಿ ತುಂಡಾದ ಹಗ್ಗ. ಅವಳ ತಲೆ, ಕೈ, ಕಾಲು ಎಲ್ಲ ತಡಕಿದೆ. ಎಲ್ಲೂ ರಕ್ತವಿಲ್ಲ. ಪರದೆ ತಲೆಯ ಮೇಲೆ ಬೀಳುವುದಿತ್ತು, ಕೂದಲೆಳೆಯಲ್ಲಿ ತಪ್ಪಿತು ಎಂದುಕೊಂಡೆ. ಅತ್ತೆ ಬಂದು ನೋಡಿ, ಸೌದೆ ತಂದರೆ ಹೀಗೇ ಅಂದರು. ಆ ಮಾತು ಕಿಡಿ ತಾಗಿಸಿದಂತಾಯಿತು. ಫೋನ್ ತೆಗೆದು ನಮ್ಮ ಕಟ್ಟಡದವರ ಗ್ರೂಪಿನಲ್ಲಿ ಬರೆದೆ: ಏಣಿಯಕ್ಕ ಹಾಕಿದ ಪರದೆಯ ಹಗ್ಗ ನಾಲ್ಕೇ ತಿಂಗಳಿಗೆ ಕಿತ್ತಿದೆ. ಮಗುವಿನ ತಲೆಯ ಮೇಲೆ ಬೀಳುವುದಿತ್ತು. ಹಾಕಿಸುವವರು ಯೋಚಿಸಿ.

ಮೊದಲು ನನಗೆ ಫೋನ್ ಮಾಡು ಎಂದಿದ್ದರು. ಬೇಡದ್ದಕ್ಕೆಲ್ಲ ಮಾಡಿದವಳು ಬೇಕಾದ ದಿನ ಮಾಡಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಂಜೆಯೊಳಗೆ ಮೂವರು ತಮ್ಮ ಮನೆಯದ್ದೂ ಒಮ್ಮೆ ಕಿತ್ತಿತ್ತು ಎಂದು ಸೇರಿಸಿದರು. ಅಗ್ಗದ ಹಗ್ಗ ಎಂದು ಒಬ್ಬರು ಬರೆದರು. ಕೆಳಗಿನ ಶಿಶುವಿಹಾರದ ಮೇಡಂ ತಮ್ಮ ಒಂಬತ್ತು ಕಿಟಕಿಗಳಿಗೆ ಏಣಿಯಕ್ಕನಿಗೇ ಹೇಳಿದ್ದರು, ಪಟ್ಟಿಗಳನ್ನೂ ಸೀಳಿಯಾಗಿತ್ತು. ಮರುದಿನ ಬೇಡವೆಂದು ಹೇಳಿ ಬೇರೆ ಕಂಪನಿಯವರನ್ನು ಕರೆಸಿದರು.

ಹಗ್ಗ ಕಿತ್ತ ದಿನ ಸಂಜೆ ಸ್ನಾನ ಮಾಡಿಸುವಾಗ ಮಗಳ ಗಲ್ಲದ ಕೆಳಗೆ, ಕುತ್ತಿಗೆಯ ಮಡಿಕೆಯಲ್ಲಿ ಒಂದು ಕೆಂಪು ಗೆರೆ ಕಂಡಿತ್ತು. ಬೆವರುಸಾಲೆ ಎಂದು ಪೌಡರ್ ಹಾಕಿದೆ. ಬೇಡದ ಕಡೆಯೆಲ್ಲ ಭಯ ಕಾಣುವ ಕಣ್ಣಿಗೆ ಅಲ್ಲಿ ಮಾತ್ರ ಕಾಣಲಿಲ್ಲ.

ಎರಡು ದಿನ ಬಿಟ್ಟು ಓರೆ ಪರದೆಯನ್ನು ನೋಡಲಾಗದೆ, ನಾನೇ ಗಂಟು ಹಾಕೋಣವೆಂದು ತುಂಡಾದ ಹಗ್ಗ ಕೈಗೆತ್ತಿಕೊಂಡೆ. ಅದು ತುಂಡಾಗಿದ್ದದ್ದು ಮಣಿಯ ಒಳಗೆ. ಹಗ್ಗದ ತುದಿ ಸವೆದಿರಲಿಲ್ಲ, ಚಾಕುವಿನಿಂದ ಕತ್ತರಿಸಿದಂತೆ ನೇರವಾಗಿತ್ತು. ತುದಿಗೆ ಅಂಟಿಕೊಂಡಂತೆ ಬಿಳಿಯ ಒಂದೆಳೆ ಹೊಲಿಗೆ ನೂಲು. ಅಂದರೆ ಹಗ್ಗವನ್ನು ಮೊದಲೇ ಕತ್ತರಿಸಿ, ಒಂದೆಳೆ ನೂಲಿನಿಂದ ಜೋಡಿಸಿ, ಕಾಣದಂತೆ ಮಣಿ ಹಾಕಿ ಮುಚ್ಚಿದ್ದಾರೆ. ಮೋಸ ಎಂದು ಬಾಯಿಗೆ ಬಂತು. ಅಷ್ಟರಲ್ಲಿ ಹಗ್ಗದ ಇನ್ನೊಂದು ತುದಿಯಲ್ಲಿ ನನ್ನ ನೀಲಿ ಲಾಡಿ ನೇತಾಡುತ್ತಿರುವುದು ಕಂಡಿತು. ನನ್ನ ಗಂಟು. ಗಟ್ಟಿ ಗಂಟು, ಒಂದಿಷ್ಟೂ ಸಡಿಲಾಗಿರಲಿಲ್ಲ.

ಅಲ್ಲೇ ಮಂಡಿಯೂರಿದೆ. ಮಗಳ ಎತ್ತರಕ್ಕೆ ಇಳಿದು ಸೋಫಾವನ್ನು ನೋಡಿದೆ. ಅವಳು ಅಲ್ಲಿ ಹತ್ತಿ ನಿಂತರೆ ಉಂಗುರ ಎಲ್ಲಿಗೆ ಬರುತ್ತದೆ ಎಂದು ನೋಡಿದೆ. ಸರಿಯಾಗಿ ಗಲ್ಲದ ಕೆಳಗೆ.

ಎದ್ದು ಮಾಡಿದ ಮೊದಲ ಕೆಲಸ, ಮಗಳನ್ನು ಎಬ್ಬಿಸಿ ಬದುಕಿಸಿದ್ದು. ಎರಡನೆಯದು, ಅಡುಗೆಮನೆಯಿಂದ ಒಂದೊಂದು ಲೀಟರಿನ ನೀರಿನ ಬಾಟಲಿಗಳನ್ನು ತಂದದ್ದು. ಆ ಪರದೆಯ ಇನ್ನೊಂದು ಹಗ್ಗದ ಮಣಿ ಇನ್ನೂ ಗಟ್ಟಿಯಾಗಿತ್ತು. ಅದಕ್ಕೆ ಚೀಲ ಕಟ್ಟಿ ಒಂದು ಬಾಟಲಿ ಇಟ್ಟೆ. ತಡೆಯಿತು. ಎರಡು, ತಡೆಯಿತು. ಮೂರನೆಯದನ್ನು ಇಟ್ಟು ಕೈ ಬಿಟ್ಟ ಕೂಡಲೇ ಅದೇ ಸದ್ದು, ಟಪ್. ಬಾಟಲಿಗಳು ನೆಲಕ್ಕೆ ಉರುಳಿದವು.

ಆಗ ಒಂದೊಂದಾಗಿ ಎಲ್ಲವೂ ತಿಳಿಯುತ್ತ ಬಂತು. ಪರದೆಯ ಭಾರಕ್ಕೆ ತಡೆಯಬೇಕು, ಮಗುವಿನ ಭಾರಕ್ಕೆ ತಡೆಯಬಾರದು. ಹಗ್ಗ ಅಷ್ಟು ಮೆತ್ತಗಿರಬೇಕಾದರೆ ಪರದೆ ಹಗುರವಿರಬೇಕು. ಅದಕ್ಕೇ ತೇಗ ಬೇಡವೆಂದದ್ದು, ಅದಕ್ಕೇ ಒಂದು ದೊಡ್ಡದರ ಬದಲು ಎರಡು ಸಣ್ಣವು. ನನ್ನ ಮನೆಗೆ ಕಾಲಿಟ್ಟು ಅಳತೆ ತೆಗೆಯುವ ಮೊದಲೇ ಅವರು ನನ್ನ ಮಗಳನ್ನು ನೋಡಿ ಮರ ಆರಿಸಿದ್ದರು. ನಾನು ಮಾತು ಮೀರುತ್ತೇನೆಂದೂ ಅವರಿಗೆ ಗೊತ್ತಿತ್ತು. ಎಲ್ಲ ತಾಯಂದಿರೂ ಒಂದು ದಿನ ಸೋಲುತ್ತಾರೆಂದು ತಿಳಿದೇ, ಆ ದಿನಕ್ಕೆಂದು ಒಂದೆಳೆ ನೂಲನ್ನು ಮಣಿಯೊಳಗಿಟ್ಟು ಹೋಗಿದ್ದರು. ಮೊದಲೇ ಹೇಳಿದ್ದರೆ ನನ್ನಂಥವಳು ಕಿತ್ತುಹೋಗುವ ಹಗ್ಗ ಯಾಕೆ, ನೈಲಾನ್ ಹಾಕಿ ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ.

ಸದ್ದು ಕೇಳಿ ಬಂದ ಅತ್ತೆಗೆ ಬಾಟಲಿ, ಲಾಡಿ, ನೂಲು ಎಲ್ಲ ತೋರಿಸಿ ಹೇಳಿದೆ. ಅವರು ಮೊಮ್ಮಗಳನ್ನೆತ್ತಿ ಕಿಟಕಿಯ ಬೆಳಕಿಗೆ ಗಲ್ಲ ಎತ್ತಿ ನೋಡಿದರು. ಗೆರೆ ಮಾಸುತ್ತ ಬಂದಿತ್ತು. ನನಗೆ ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಉಳಿದ ಲಾಡಿಗಳೆಲ್ಲ ಎಲ್ಲಿವೆ, ಕೊಡು, ನನ್ನ ಪೆಟ್ಟಿಗೆಯಲ್ಲಿಡುತ್ತೇನೆ ಅಂದರು. ಸ್ವಲ್ಪ ಹೊತ್ತಿನ ಮೇಲೆ, “ಆಕೆಗೆ ಫೋನ್ ಮಾಡು,” ಅಂದರು.

ಮಾಡಲಿಲ್ಲ. ನಂಬರು ಒತ್ತುವುದು, ರಿಂಗಾಗುವ ಮೊದಲೇ ಕತ್ತರಿಸುವುದು. ಏನೆಂದು ಹೇಳಲಿ? ನಿಮ್ಮ ಹಗ್ಗದಿಂದ ನನ್ನ ಮಗಳು ಉಳಿದಳು, ನಾನು ನಿಮ್ಮ ಹೆಸರು ಕೆಡಿಸಿದೆ ಎಂದೇ? ಗೊಗ್ಗರು ದನಿಯವರೇ ಎತ್ತಿದರೆ? ದಿನ ಹೋದಷ್ಟೂ ಫೋನ್ ಭಾರವಾಗುತ್ತ ಹೋಯಿತು. ಈ ನಡುವೆ ಧೂಳು ಕೂತರೆ ಕಾಲುಚೀಲ ಹಾಕಿಕೊಂಡು ಸುಮ್ಮನೆ ಸವರುತ್ತಿದ್ದೆ. ನನ್ನ ಮೌನ ನೋಡಿ ಗಂಡನಿಗೇ ಭಯವಾಗಿ, ಮೈ ಹುಷಾರಿದೆಯಾ ಎಂದು ಹಣೆ ಮುಟ್ಟಿ ನೋಡಿದರು.

ಒಂಬತ್ತನೆಯ ದಿನ ಬೆಳಿಗ್ಗೆ ಕೆಳಗಿಳಿದಾಗ ಶಿಶುವಿಹಾರದ ಬಾಗಿಲಲ್ಲಿ ಕಂಪನಿಯವರ ಪೆಟ್ಟಿಗೆಗಳು ಕಂಡವು. ನಾಳೆ ಹಾಕುತ್ತಾರೆ ಎಂದು ಮೇಡಂ ಒಂದನ್ನು ಬಿಚ್ಚಿ ತೋರಿಸಿದರು. ಒಳ್ಳೆಯ ಮರ, ಭಾರವಾದ ಪಟ್ಟಿ. ನುಣುಪಾದ ನೈಲಾನ್ ಹಗ್ಗ, ತುದಿಗಳನ್ನು ಕೂಡಿಸಿ ಕಾರ್ಖಾನೆಯಲ್ಲೇ ಬೆಸೆದ ಉಂಗುರ. ಆನೆ ಕಟ್ಟಿದರೂ ಕೀಳಲ್ಲ ಅಂದಿದ್ದಾರೆ ಎಂದು ಮೇಡಂ ಹೆಮ್ಮೆಯಿಂದ ಹೇಳಿದರು. ಒಳಗೆ ಮೂವತ್ತು ಮಕ್ಕಳು ಗಲಾಟೆ ಮಾಡುತ್ತಿದ್ದರು. ನನ್ನ ನಾಚಿಕೆ ದೊಡ್ಡದೋ ಆ ಉಂಗುರ ದೊಡ್ಡದೋ ಎಂದು ಯೋಚಿಸಲು ಅಂದು ಸಮಯವಿರಲಿಲ್ಲ. ಬ್ಯಾಗಿನಲ್ಲಿ ಒಂಬತ್ತು ದಿನದಿಂದ ಇಟ್ಟುಕೊಂಡಿದ್ದ ಹಗ್ಗ, ಮಣಿ, ನೂಲನ್ನು ತೆಗೆದು ಅವರ ಮೇಜಿನ ಮೇಲಿಟ್ಟೆ. ಲಾಡಿಯ ವಿಷಯವನ್ನೂ ಮುಚ್ಚಿಡದೆ ಎಲ್ಲ ಹೇಳಿದೆ. ಹೇಳಿ ಮುಗಿಸುವಾಗ ಅವರು ಕೂತುಬಿಟ್ಟಿದ್ದರು.

ಅಲ್ಲೇ ನಿಂತು ಗ್ರೂಪಿನಲ್ಲೂ ಬರೆದೆ. ಈ ಸಲ ಮೂರು ಸಾಲು ಸಾಲಲಿಲ್ಲ. ಹಗ್ಗ ಕಿತ್ತದ್ದು ನನ್ನ ತಪ್ಪಿಗೆ, ಕಿತ್ತದ್ದರಿಂದಲೇ ಮಗು ಉಳಿಯಿತು, ನಿಮ್ಮ ಮನೆಯಲ್ಲೂ ಕಿತ್ತಿದ್ದರೆ ಆಗ ಅಲ್ಲಿ ಮಗುವಿತ್ತೇ ನೆನಪಿಸಿಕೊಳ್ಳಿ ಎಂದು. ಆಮೇಲೆ ತಮ್ಮ ಮನೆಯದ್ದೂ ಕಿತ್ತಿತ್ತು ಎಂದಿದ್ದ ಮೂವರಲ್ಲಿ ಒಬ್ಬರು ಒಂದೇ ಪದ ಬರೆದರು: ಇತ್ತು.

ಮೇಡಂ ಪೆಟ್ಟಿಗೆಗಳನ್ನು ವಾಪಸು ಕಳಿಸುತ್ತೇನೆ ಅಂದರು. ಆದರೆ ಏಣಿಯಕ್ಕನಿಗೆ ತಾವು ಯಾವ ಮುಖ ಇಟ್ಟುಕೊಂಡು ಹೇಳುವುದು, ನೀವೇ ಹೇಳಿ, ಬರುತ್ತಾರೋ ಕೇಳಿ ಅಂದರು. ನನಗಾದರೂ ಯಾವ ಮುಖವಿತ್ತು? ಶಿಶುವಿಹಾರದ ಮೆಟ್ಟಿಲ ಮೇಲೆ ಕೂತು ನಂಬರು ಒತ್ತಿದೆ. ಈ ಸಲ ರಿಂಗಾಗಲು ಬಿಟ್ಟೆ.

“ಅಕ್ಕ ಏಣಿ ಮೇಲಿದಾಳೆ,” ಅಂದಿತು ಗೊಗ್ಗರು ದನಿ. “ಯಾರು, ಧೂಳಿನ ಮೇಡಮ್ಮಾ? ಎಲ್ಲಿ ಹೋಗಿದ್ರಿ ಇಷ್ಟು ದಿನ? ಧೂಳು ಕೂರೋದು ನಿಂತೋಯ್ತಾ?”

ಸಿದ್ಧ ಮಾಡಿಕೊಂಡಿದ್ದ ಮಾತೆಲ್ಲ ಆ ದನಿ ಕೇಳಿದ ಕೂಡಲೇ ಮರೆತುಹೋಯಿತು.

“ಧೂಳಲ್ಲ ಅಕ್ಕಾ,” ಅಂದೆ. “ನಾನೇ ಹಗ್ಗದ ತುದಿ ಸೇರಿಸಿ ಗಂಟು ಹಾಕಿದ್ದೆ. ಮಗಳು ಅದರಲ್ಲಿ ತಲೆ ಹಾಕಿದಳು. ಹಗ್ಗ ಕಿತ್ತಿತು. ಗೊತ್ತಿಲ್ಲದೆ ನಿಮ್ಮನ್ನೇ ದೂರಿ ಬರೆದೆ. ಮಗಳು ಚೆನ್ನಾಗಿದ್ದಾಳೆ. ದನಿಯೂ ಚೆನ್ನಾಗಿದೆ.”

ಆ ಕಡೆ ಉಜ್ಜು ಕಾಗದದ ಸದ್ದು ನಿಂತಿತು. ಆಮೇಲೆ ಆ ದನಿ ತನ್ನ ಶಕ್ತಿಯನ್ನೆಲ್ಲ ಹಾಕಿ ಕರೆಯಿತು.

“ಅಕ್ಕಾ, ಕೆಳಗಿಳಿ. ಮೊದಲು ಇಳಿ.”

ಏಣಿ ಕಿರುಗುಟ್ಟಿದ್ದು ಕೇಳಿತು, ಹೆಜ್ಜೆಗಳು ಕೇಳಿದವು, ಪಿಸುಪಿಸು ಮಾತು ಕೇಳಿತು. ಏಣಿಯಕ್ಕ ಫೋನ್ ತೆಗೆದುಕೊಂಡು ಗ್ರೂಪಿನ ಮಾತನ್ನಾಗಲಿ ಒಂಬತ್ತು ಕಿಟಕಿಯ ಮಾತನ್ನಾಗಲಿ ಎತ್ತಲಿಲ್ಲ. ಮಗು ಉಣ್ಣುತ್ತಿದೆಯಾ, ನುಂಗುವಾಗ ನೋವಿದೆಯಾ, ಡಾಕ್ಟರಿಗೆ ತೋರಿಸಿದೆಯಾ ಎಂದು ಕೇಳಿದರು. ತೋರಿಸಿದ್ದೇನೆ, ಏನೂ ಇಲ್ಲ ಅಂದರು ಎಂದೆ. ನಾನು ಬಾಟಲಿ ಕಟ್ಟಿ ನೋಡಿದ್ದನ್ನೂ ಹೇಳಿದೆ.

“ಎಷ್ಟಕ್ಕೆ ಕಿತ್ತಿತು?”

“ಮೂರಕ್ಕೆ ಅಕ್ಕಾ.”

ಅವರು ಫೋನಿನಿಂದ ಬಾಯಿ ಸರಿಸಿ ತಂಗಿಗೆ ಹೇಳಿದ್ದು ನನಗೆ ಕೇಳಿಸಿತು. “ಮೂರಕ್ಕಂತೆ ಕಣೇ. ಸರಿಯಾಗಿದೆ ನಮ್ಮ ನೂಲು.” ಆಮೇಲೆ ನನ್ನ ಕಡೆ ತಿರುಗಿ, ಈಗೆಲ್ಲಿದ್ದೀಯಾ ಅಂದರು. ಶಿಶುವಿಹಾರದ ಮೆಟ್ಟಿಲ ಮೇಲೆ, ಇಲ್ಲಿನ ಕಿಟಕಿಗಳಿಗೆ ನೀವೇ ಬರುತ್ತೀರಾ ಎಂದು ಮೇಡಂ ಕೇಳುತ್ತಿದ್ದಾರೆ ಅಂದೆ.

“ಅಲ್ಲೇ ಇರು. ಏಣಿ ತಗೊಂಡು ಬರ್ತೀನಿ.”